ಸೂಡೋಗೌಟ್ (ಹುಸಿಗೌಟು)

ಕೀಲಿನ ಮೃದ್ವಸ್ಥಿಯಲ್ಲಿ ಕೂಡಿಕೊಂಡ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಹರಳುಗಳು ಕೀಲುದ್ರವಕ್ಕೆ ಉದುರಿ ಉಂಟುಮಾಡುವ ಸಂಧಿವಾತ. ಸಾಮಾನ್ಯವಾಗಿ 60 ದಾಟಿದವರಲ್ಲಿ, ಹೆಚ್ಚಾಗಿ ಮಂಡಿಯಲ್ಲಿ ಕಾಣಿಸುತ್ತದೆ. 1962ರಲ್ಲಿ ಅಮೆರಿಕದ ಡೇನಿಯಲ್ ಮೆಕಾರ್ಟಿ ಮತ್ತು ಸಂಗಡಿಗರು ಇದನ್ನು ಗೌಟಿನಿಂದ ಬೇರೆಯೆಂದು ಗುರುತಿಸಿದರು. ಗೌಟಿನಲ್ಲಿರುವುದು ಯೂರೇಟ್ ಹರಳು. ಇಳಿವಯಸ್ಸಲ್ಲದೆ ಕೀಲಿನ ಹಳೆಯ ಪೆಟ್ಟು, ಪ್ಯಾರಾಥೈರಾಯ್ಡ್ ಗ್ರಂಥಿಯ ಅತಿಸ್ರಾವ, ಮೆಗ್ನೀಸಿಯಂ ಕೊರತೆಗಳೊಂದಿಗೂ ಇದರ ನಂಟಿದೆ.

ದಾಳಿಯ ವೇಳೆ ಮಂಡಿ ದಿನವೊಂದರಲ್ಲೇ ಊದಿ ಬಿಸಿಯೇರುತ್ತದೆ. ಹೊದಿಕೆ ತಾಗಿದರೂ ನೋವು. ಸಿರಿಂಜಿನಲ್ಲಿ ತೆಗೆದ ಕೀಲುದ್ರವವನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ನೋಡಿದರೆ ಗೌಟಿನ ಹರಳು ಸೂಜಿಯಂತೆಯೂ ಇದರ ಹರಳು ಮೊಂಡು ವಜ್ರಾಕೃತಿಯಲ್ಲೂ ಕಾಣುತ್ತದೆ. ಎಕ್ಸ್‌ರೇಯಲ್ಲಿ ಮೃದ್ವಸ್ಥಿಯೊಳಗೆ ಸುಣ್ಣದ ತೆಳುಗೆರೆ ಮೂಡಿರಬಹುದು. ಹರಳನ್ನು ಕರಗಿಸುವ ಮದ್ದಿಲ್ಲ. ದ್ರವ ತೆಗೆಯುವುದು, ಕೀಲಿಗೆ ಸ್ಟೀರಾಯ್ಡ್ ಚುಚ್ಚುಮದ್ದು, ಕೋಲ್ಚಿಸಿನ್, ಮಂಜುಗಡ್ಡೆ ಇಡುವುದು, ವಿಶ್ರಾಂತಿ ಇವು ಮುಖ್ಯ ಉಪಾಯಗಳು. ಗೌಟಿನ ಪಥ್ಯವನ್ನು ಇದಕ್ಕೂ ಹೇಳುವುದುಂಟು, ಅದರಿಂದ ಪ್ರಯೋಜನವಿಲ್ಲ.

ಕಾಲಿನಿಂದ ದುಡಿಯುವವರಿಗೆ ಮಂಡಿಯ ಈ ದಾಳಿ ಹೆಚ್ಚು ತೊಂದರೆ ಕೊಡುತ್ತದೆ. ಉದಾಹರಣೆಗೆ, ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರಿದ್ದಾರೆ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ದಿನವಿಡೀ ತುಳಿಯುವ ಈ ಕಸುಬೇ ಹರಳಿಗೆ ಕಾರಣವೆನ್ನಲಾಗದು. ಆದರೆ ಮಂಡಿ ಊದಿದವರಿಗೆ ಗುಂಡಿಯೊಳಗೆ ಇಳಿದು ಏಳುವುದೇ ಕಷ್ಟ; ಮಗ್ಗ ಅಷ್ಟು ದಿನ ನಿಲ್ಲುತ್ತದೆ.