ಕ್ರೆಸೆಂಟ್ ಸರೋವರದ ರೈಲುದಾರಿ

ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ, ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯ ದ್ವೀಪದಲ್ಲಿ, ಕ್ರೆಸೆಂಟ್ ಎಂಬ ಸರೋವರವಿದೆ. ಸುತ್ತಲೂ ಬೆಟ್ಟ, ಬೆಟ್ಟಗಳ ಮೈಯೆಲ್ಲ ಕಾಡು, ನಡುವೆ 600 ಅಡಿಗೂ ಮಿಕ್ಕಿದ ಆಳದ ನೀಲಿ ನೀರು. ಈ ನೀರಿನಲ್ಲಿ ಸಾರಜನಕದ ಅಂಶ ತೀರ ಕಡಿಮೆಯಾದುದರಿಂದ ಪಾಚಿ ಹೆಚ್ಚಾಗಿ ಬೆಳೆಯದು. ಅದರ ತಿಳಿಗೆ ಇದೇ ಕಾರಣ.

ಅಲ್ಲಿನ ಮೂಲನಿವಾಸಿಗಳಾದ ಕ್ಲಾಲಮ್ ಜನರಲ್ಲಿ ಒಂದು ಕಥೆಯುಂಟು. ತನ್ನ ಬುಡದಲ್ಲೇ ಇವರೂ ಕ್ವಿಲಿಯೂಟರೂ ಕಾದಾಡುವುದನ್ನು ಕಂಡು ಸ್ಟಾರ್ಮ್ ಕಿಂಗ್ ಪರ್ವತಕ್ಕೆ ಸಿಟ್ಟು ಬಂದಿತಂತೆ. ತಲೆಯ ಮೇಲಿನ ಬಂಡೆಯನ್ನು ಕಿತ್ತು ಎಸೆಯಿತಂತೆ. ಕಥೆಯೆಂದು ನಕ್ಕುಬಿಡಬೇಡಿ. ಹಿಂದೆ ಒಂದೇ ಆಗಿದ್ದ ಸರೋವರವನ್ನು ಕುಸಿದ ಬೆಟ್ಟವೇ ಎರಡಾಗಿ ಒಡೆಯಿತೆಂದು ಭೂವಿಜ್ಞಾನಿಗಳೂ ಹೇಳುತ್ತಾರೆ. ಪಕ್ಕದ ಸದರ್‌ಲೆಂಡ್ ಸರೋವರ ಆ ಇನ್ನೊಂದು ಭಾಗ.

ನೀವು ಅಲ್ಲಿಗೆ ಹೋದರೆ ಮೊದಲು ದಕ್ಷಿಣ ದಂಡೆಯಲ್ಲಿ ಇಳಿಯುವಿರಿ. ಹಳೆಯ ತಂಗುಮನೆಯ ಹತ್ತಿರ ಕಾಡಿನೊಳಗೆ ಒಂದು ಸುತ್ತುದಾರಿಯಿದೆ. ಹೊರಟಲ್ಲಿಗೇ ತಂದು ಬಿಡುವ ಸಣ್ಣ ದಾರಿ. ಕೊಡಲಿ ಕಾಣದ ಕಾಡು ಹೇಗಿರುತ್ತದೆಂದು ತಿಳಿಯಲು ಅಷ್ಟೇ ಸಾಕು. ಡಗ್ಲಸ್ ಫರ್, ಹೆಮ್ಲಾಕ್, ಸೀಡರ್ ಮರಗಳು ತುದಿ ಕಾಣದಷ್ಟು ಎತ್ತರಕ್ಕೆ ಹೋಗಿವೆ. ಕೊಂಬೆಗಳಿಗೆಲ್ಲ ಹಾವಸೆ ಹತ್ತಿದೆ. ಉರುಳಿದ ಮರವೂ ಅಲ್ಲಿ ವ್ಯರ್ಥವಲ್ಲ. ಅದರ ಬೆನ್ನ ಮೇಲೆ ಸಸಿಗಳು ಸಾಲಾಗಿ ಮೊಳೆಯುತ್ತವೆ. ಕೆಳಗಿನ ದಿಮ್ಮಿ ಕೊಳೆತು ಮಣ್ಣಾದ ಮೇಲೂ ಮರಗಳು ಯಾರೋ ನೂಲು ಹಿಡಿದು ನೆಟ್ಟಂತೆ ನಿಂತಿರುತ್ತವೆ. ನಮ್ಮ ಮಲೆನಾಡಿನವರಿಗೆ ಕಾನು ಎಂದರೆ ಸಾಕು, ಉಳಿದುದನ್ನು ಅವರೇ ಊಹಿಸಿಕೊಳ್ಳುವರು.

ಉತ್ತರ ದಂಡೆಯ ದಾರಿಯ ಸೊಗಸೇ ಬೇರೆ. ಕಡಿದಾದ ಬೆಟ್ಟದ ಮಗ್ಗುಲಲ್ಲಿ ಅದು ಏರಿಳಿತವಿಲ್ಲದೆ ಮೈಲಿಗಟ್ಟಲೆ ಹೋಗುತ್ತದೆ. ಎರಡು ಕಡೆ ಬಂಡೆಯನ್ನು ಕೊರೆದ ಸುರಂಗಗಳಿವೆ. ಕಾಲುದಾರಿಗೆ ಸುರಂಗವೇಕೆ? ಅದು ರೈಲಿಗಾಗಿ ಮಾಡಿದ ದಾರಿ. ರೈಲು ಮಾಡಿದ್ದು ವಿಮಾನಕ್ಕಾಗಿ.

ಮೊದಲನೆಯ ಮಹಾಯುದ್ಧದ ವಿಮಾನಗಳಿಗೆ ಮರದ ಚೌಕಟ್ಟೇ ಎಲುಬು. ಹಗುರವಾಗಿರಬೇಕು, ಗಟ್ಟಿಯಾಗಿರಬೇಕು, ಎಳೆ ನೇರವಾಗಿರಬೇಕು. ಈ ಮೂರೂ ಗುಣ ಕೂಡಿದ್ದ ಸಿಟ್ಕಾ ಸ್ಪ್ರೂಸ್ ಮರ ಆ ಪರ್ಯಾಯ ದ್ವೀಪದ ಪಶ್ಚಿಮದ ಕಣಿವೆಗಳಲ್ಲಿ ಹೇರಳವಾಗಿತ್ತು. ಆದರೆ 1917ರ ಬೇಸಗೆಯಲ್ಲಿ ಮರ ಕಡಿಯುವವರು ದಿನಕ್ಕೆ ಎಂಟೇ ಗಂಟೆ ಕೆಲಸವೆಂದು ಮುಷ್ಕರ ಹೂಡಿದರು. ಆ ವರ್ಷದ ಕೊನೆಯ ಹೊತ್ತಿಗೆ ಸರ್ಕಾರ ಕರ್ನಲ್ ಬ್ರೈಸ್ ಡಿಸ್ಕ್ ಎಂಬಾತನ ಕೈಕೆಳಗೆ ಒಂದು ಸೈನ್ಯವಿಭಾಗವನ್ನೇ ಕಾಡಿಗೆ ಇಳಿಸಿತು. ಕೋವಿ ಹಿಡಿಯಬೇಕಾದ ಕೈಗಳು ಗರಗಸ ಹಿಡಿದವು. ಆ ಸಿಪಾಯಿಗಳ ಸಂಖ್ಯೆ ಮೂವತ್ತು ಸಾವಿರದ ಹತ್ತಿರಕ್ಕೆ ಏರಿತು. ವಿಚಿತ್ರವೆಂದರೆ, 1918ರ ಮಾರ್ಚಿನಲ್ಲಿ ಎಂಟು ಗಂಟೆಯ ದಿನವೂ ಜಾರಿಗೆ ಬಂದಿತು. ಮುಷ್ಕರಕ್ಕೆ ಮಣಿಯದ ಮಾಲೀಕರು ಯುದ್ಧಕ್ಕೆ ಮಣಿದರು.

ಕಡಿದ ನಾಟಾ ಸಾಗಿಸಲು 36 ಮೈಲಿಯ ರೈಲುದಾರಿ ಬೇಕಾಯಿತು. ಸರೋವರದ ಉತ್ತರ ದಂಡೆಯ ಬಂಡೆಗಳನ್ನು ಸಿಡಿಮದ್ದಿನಿಂದ ಒಡೆದು ತಿಂಗಳುಗಳಲ್ಲೇ ಅದನ್ನು ಮುಗಿಸಿದರು. ಮುಗಿಸಿದುದು 1918ರ ನವೆಂಬರ್ ಕೊನೆಯಲ್ಲಿ. ಕದನವಿರಾಮವಾದುದು ಅದೇ ನವೆಂಬರ್ 11ರಂದು! ಯುದ್ಧಕ್ಕಾಗಿ ಒಂದು ದಿಮ್ಮಿಯೂ ಆ ಹಳಿಗಳ ಮೇಲೆ ಹೋಗಲಿಲ್ಲ. ಆದರೆ ದಾರಿ ಉಳಿಯಿತಷ್ಟೆ? ನಾಟಾ ಕಂಪೆನಿಗಳು ಅದನ್ನು ಬಳಸಿಕೊಂಡವು. ಯಾವ ಮರಕ್ಕೆಂದು ಹಾಕಿದ್ದೋ ಆ ಮರಗಳೇ ಶಾಂತಿಕಾಲದಲ್ಲಿ ಅದರ ಮೇಲೆ ಹೊರಟವು.

ಕಾಡನ್ನು ಕಾಯಬೇಕೆಂಬ ಮಾತು ಅದಕ್ಕೂ ಹಿಂದಿನದು. 1909ರಲ್ಲಿ ಅಧಿಕಾರ ಬಿಡಲು ಎರಡೇ ದಿನವಿರುವಾಗ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಅಲ್ಲಿನ ಎಲ್ಕ್ ಎಂಬ ದೊಡ್ಡ ಜಿಂಕೆಗಳ ರಕ್ಷಣೆಗಾಗಿ ಆರು ಲಕ್ಷ ಎಕರೆಗೂ ಹೆಚ್ಚು ಭೂಮಿಯನ್ನು ಕಾಪಿಟ್ಟರು. 1915ರಲ್ಲಿ ಅಧ್ಯಕ್ಷ ವಿಲ್ಸನ್ ಅದನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಹೊರಗೆ ಬಿದ್ದದ್ದು ಒಳ್ಳೆಯ ಮರದ ಭಾಗವೇ ಎಂದು ಬೇರೆ ಹೇಳಬೇಕೆ!

1937ರ ಸೆಪ್ಟೆಂಬರ್ 30ರಂದು ಇನ್ನೊಬ್ಬ ರೂಸ್‌ವೆಲ್ಟ್, ಫ್ರಾಂಕ್ಲಿನ್, ಪೋರ್ಟ್ ಏಂಜಲೀಸ್ ಬಂದರಿಗೆ ಬಂದರು. ಶಾಲೆಯ ಮಕ್ಕಳು ಸಾವಿರಗಟ್ಟಲೆ ನೆರೆದು, ತಮಗೊಂದು ಒಲಿಂಪಿಕ್ ರಾಷ್ಟ್ರೀಯ ಉದ್ಯಾನ ಬೇಕೆಂದು ಬಟ್ಟೆಯ ಮೇಲೆ ಬರೆದು ಎತ್ತಿಹಿಡಿದಿದ್ದರು. ಅಧ್ಯಕ್ಷರು ಅಂದಿನ ರಾತ್ರಿ ಕ್ರೆಸೆಂಟ್ ದಂಡೆಯ ತಂಗುಮನೆಯಲ್ಲಿ ಕಳೆದರು. ಮರುದಿನ ಮೋಟಾರಿನಲ್ಲಿ ಪಶ್ಚಿಮದ ಕಾಡನ್ನೂ ಕಡಿದು ಬೋಳಾದ ನೆಲವನ್ನೂ ನೋಡುತ್ತ ಕ್ವಿನಾಲ್ಟ್ ಸರೋವರಕ್ಕೆ ಹೋದರು. 1938ರ ಜೂನ್ 29ರಂದು ಉದ್ಯಾನದ ಕಾನೂನಿಗೆ ಅವರ ಅಂಕಿತ ಬಿದ್ದಿತು.

ಅಲ್ಲಿಗೂ ನಿಶ್ಚಿಂತೆಯಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಹೆಸರಿನಲ್ಲಿಯೇ ಸ್ಪ್ರೂಸ್ ಮರಗಳನ್ನು ಮತ್ತೆ ಕೇಳಿದರು. ಅಲ್ಯುಮಿನಿಯಂ ಬೇಕಾದಷ್ಟು ಸಿಗತೊಡಗಿದ ಮೇಲೆ ಆ ಒತ್ತಾಯ ತಣ್ಣಗಾಯಿತು.

ಹಳಿಗಳು 1950ರ ದಶಕದಲ್ಲಿ ಹೋದವು. ಮುಚ್ಚಿಹೋಗಿದ್ದ ಸುರಂಗಗಳನ್ನು ಈಚಿನ ವರ್ಷಗಳಲ್ಲಿ ಬಿಡಿಸಿ, ನೆಲವನ್ನು ಸಮಮಾಡಿದ್ದಾರೆ. ಸರೋವರವನ್ನು ಪೂರ್ತಿ ಸುತ್ತುವ ಕಾಲುದಾರಿಯಿಲ್ಲ. ದಕ್ಷಿಣ ದಂಡೆಯಲ್ಲಿ ಮೋಟಾರು ರಸ್ತೆ ನೀರಿಗಂಟಿಕೊಂಡೇ ಓಡುತ್ತದೆ, ನಡೆಯುವವನಿಗೆ ಅಲ್ಲಿ ಜಾಗವಿಲ್ಲ. ಉತ್ತರದಲ್ಲಿ ಮಾತ್ರ ನಡೆಯುವವರೂ, ಬೈಸಿಕಲ್ ಸವಾರರೂ, ಗಾಲಿಕುರ್ಚಿಯಲ್ಲಿ ಬರುವವರೂ ಸುರಂಗ ದಾಟಿ ನೀರಿನ ಅಂಚಿನಲ್ಲೇ ಸಾಗಬಹುದು.