ಕಣ್ಣಿಗೆ ಬೀಳದ ಡಿಸ್ಕ್

ಹೊಸ ಹಾರ್ಡ್ ಡಿಸ್ಕ್ ತಂದು, ಕೇಬಲ್ ಸಿಕ್ಕಿಸಿ, ಸ್ಕ್ರೂ ಬಿಗಿದು ಕಂಪ್ಯೂಟರ್ ಆನ್ ಮಾಡಿದ್ರೆ ಡ್ರೈವ್‌ಗಳ ಸಾಲಿನಲ್ಲಿ ಅದು ಕಾಣೋದೇ ಇಲ್ಲ. ಮೊದಲ ಸಲ ನನಗೂ ಎದೆ ಧಸಕ್ಕೆಂದಿತ್ತು. ಡಿಸ್ಕ್ ಕೆಟ್ಟಿರೋದಿಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದ್ರೆ ಅಲ್ಲಿ ತೆಪ್ಪಗೆ ಕೂತಿರುತ್ತೆ. ಇನಿಶಿಯಲೈಸ್ ಮಾಡ್ಲಾ ಅಂತ ಕೇಳಿ ಎರಡು ಆಯ್ಕೆ ಕೊಡುತ್ತೆ: ಎಂಬಿಆರ್, ಜಿಪಿಟಿ. ಎಷ್ಟೋ ಜನ ಯಾವುದೋ ಒಂದನ್ನು ಒತ್ತಿ ಮುಂದೆ ಹೋಗ್ತಾರೆ. ಆ ಎಂಬಿಆರ್ 1983ನೇ ಇಸವಿಯದು.

1981ರಲ್ಲಿ ಬಂದ ಐಬಿಎಂ ಪಿಸಿಯದು ಫ್ಲಾಪಿಯಲ್ಲೇ ಸಂಸಾರ. 10 ಎಂಬಿ ಹಾರ್ಡ್ ಡಿಸ್ಕ್ ಬಂದದ್ದು 1983ರ ಪಿಸಿ ಎಕ್ಸ್‌ಟಿಯಲ್ಲಿ. ಇವತ್ತಿನ ಮೊಬೈಲಿನ ಎರಡು-ಮೂರು ಫೋಟೋ ಹಿಡಿಸೋ ಜಾಗ, ಅಷ್ಟೇ. ಡಿಸ್ಕಿನಲ್ಲಿ ಒಂದು ಜಾಗದ ವಿಳಾಸ ಹೇಳೋಕೆ ಮೂರು ಸಂಖ್ಯೆ ಬೇಕಿತ್ತು: ಸಿಲಿಂಡರ್, ಹೆಡ್, ಸೆಕ್ಟರ್. ನಮ್ಮ ಬಡಾವಣೆಗಳ ಮೇನ್, ಕ್ರಾಸ್, ಮನೆ ನಂಬರ್ ಇದ್ದ ಹಾಗೆ. ಬಯೋಸ್ ಇವಕ್ಕೆ ಇಟ್ಟ ಜಾಗದಲ್ಲಿ 1,024 ಸಿಲಿಂಡರ್, 256 ಹೆಡ್, 63 ಸೆಕ್ಟರ್ ಬರೆಯಬಹುದಿತ್ತು. ಆ ಕಾಲಕ್ಕೆ ಧಾರಾಳ.

ಆಮೇಲೆ ಬಂದ ಐಡಿಇ ಡಿಸ್ಕುಗಳ ಲೆಕ್ಕವೇ ಬೇರೆ. ಸಿಲಿಂಡರ್ 65,536ರವರೆಗೆ, ಆದರೆ ಹೆಡ್ ಬರೀ 16. ಒಬ್ಬರು ಕೈಬಿಚ್ಚಿದ ಕಡೆ ಇನ್ನೊಬ್ಬರು ಜಿಪುಣರು! ಇಬ್ಬರೂ ಒಪ್ಪೋದು ಎರಡರಲ್ಲಿ ಚಿಕ್ಕದಕ್ಕೆ ಮಾತ್ರ. 1,024 × 16 × 63 ಸೆಕ್ಟರ್, ಒಂದೊಂದಕ್ಕೆ 512 ಬೈಟ್, ಒಟ್ಟು 528 ಎಂಬಿ. 1990ರ ದಶಕದ ನಡುವೆ ಇದಕ್ಕಿಂತ ದೊಡ್ಡ ಡಿಸ್ಕ್ ತಂದವರಿಗೆ ಮಿಕ್ಕ ಜಾಗ ಕಾಣಲೇ ಇಲ್ಲ. ಕೊನೆಗೆ ಬಯೋಸಿಗೆ ಒಂದು ಸುಳ್ಳು ಕಲಿಸಿದರು: ಸಿಲಿಂಡರ್ ಸಂಖ್ಯೆ ಅರ್ಧ ಮಾಡು, ಹೆಡ್ ದುಪ್ಪಟ್ಟು ಮಾಡು. ಆ ಸುಳ್ಳೂ 8.4 ಜಿಬಿಗೆ ಮುಗ್ಗರಿಸಿತು.

ಕಡೆಗೆ ಮೇನ್-ಕ್ರಾಸ್ ಎಲ್ಲ ಬಿಟ್ಟು, ಸೆಕ್ಟರುಗಳಿಗೆ ಒಂದರಿಂದೊಂದು ಸಾಲಾಗಿ ನಂಬರ್ ಹಾಕೋ ಎಲ್‌ಬಿಎ ಗೆದ್ದಿತು. ಆದರೆ ಆ ನಂಬರಿಗೂ ಕೊಟ್ಟದ್ದು 28 ಬಿಟ್. ಅಂದರೆ 137 ಜಿಬಿ. ನನ್ನ ಪ್ರಕಾರ ಇಡೀ ಕತೆಯಲ್ಲಿ ಭಯಂಕರವಾದದ್ದು ಈ ಗೋಡೆ. ಯಾಕಂದ್ರೆ ಹಿಂದಿನವುಗಳಲ್ಲಿ ಡಿಸ್ಕ್ ಕಾಣ್ತಿರಲಿಲ್ಲ, ಬೈಕೊಂಡು ಸುಮ್ಮನಾಗಬಹುದಿತ್ತು. ಇಲ್ಲಿ ಹಾಗಲ್ಲ. ಬಯೋಸಿಗೆ ಪೂರ್ತಿ ಡಿಸ್ಕ್ ಕಾಣಿಸಿ, ಹಳೇ ವಿಂಡೋಸಿಗೆ 48 ಬಿಟ್‌ನ ಹೊಸ ಲೆಕ್ಕ ಗೊತ್ತಿಲ್ಲದಿದ್ರೆ, ಫೈಲುಗಳು ಚೆನ್ನಾಗೇ ಕಾಪಿ ಆಗ್ತಾ ಹೋಗುತ್ತವೆ. 137 ಜಿಬಿ ದಾಟಿದ ಮೇಲೆ ವಿಳಾಸದ ಮೇಲಿನ ಬಿಟ್‌ಗಳು ಉದುರಿ, ಬರೆದದ್ದು ಡಿಸ್ಕಿನ ಆರಂಭಕ್ಕೇ ಹೋಗಿ ಬೀಳೋ ಅಪಾಯ ಇತ್ತು. ಎಲ್ಲ ಫೈಲುಗಳ ಪಟ್ಟಿ ಇರೋದು ಆ ಕಡೆಗೇ! 2001ರ ವಿಂಡೋಸ್ ಎಕ್ಸ್‌ಪಿಗೂ ಈ ಲೆಕ್ಕ ಬಂದದ್ದು 2002ರ ಮೊದಲ ಸರ್ವೀಸ್ ಪ್ಯಾಕಿನಲ್ಲಿ.

ಇಷ್ಟಾದರೂ 1983ರ ಎಂಬಿಆರ್ ಕೂತಲ್ಲೇ ಕೂತಿತ್ತು. ಅದರಲ್ಲಿ ಸೆಕ್ಟರ್ ನಂಬರಿಗೆ 32 ಬಿಟ್, ಸುಮಾರು 2.2 ಟಿಬಿ. 2010ರಲ್ಲಿ 3 ಟಿಬಿ ಡಿಸ್ಕುಗಳು ಬಂದಾಗ ಮತ್ತೆ ಅದೇ ಗೋಳು. ಜಿಪಿಟಿಯಲ್ಲಿ 64 ಬಿಟ್ ಇದೆ.

ಆದ್ದರಿಂದ ಹೊಸ ಡಿಸ್ಕಾದ್ರೆ ಜಿಪಿಟಿ ಒತ್ತಿ. ಮನೆಯವರ ಫೋಟೋ ಇರೋ ಹಳೇ ಡಿಸ್ಕ್ ಅದೇ ಪ್ರಶ್ನೆ ಕೇಳ್ತಿದ್ರೆ ಮಾತ್ರ ಕ್ಯಾನ್ಸಲ್ ಒತ್ತಿ. ಅದು ಪಟ್ಟಿಯನ್ನು ಅಳಿಸಿ ಹೊಸದು ಬರೆಯೋಕೆ ಅನುಮತಿ ಕೇಳ್ತಿದೆ. ಮೊದಲು ಕೇಬಲ್ ಬದಲಾಯಿಸಿ ನೋಡಿ.