ದುರ್ಭಿಕ್ಷಕಾಲದ ಗೃಹಸ್ಥಜೀವನ: ಹಿತ್ತಲು, ಅಡುಗೆಮನೆ ಮತ್ತು ಶ್ರಾವಕಾಚಾರ

ಕರ್ನಾಟಕದ ಜೈನ ಇತಿಹಾಸವು ಒಂದು ಕ್ಷಾಮದ ಸ್ಮೃತಿಯೊಡನೆ ಆರಂಭವಾಗುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿರುವ, ಕ್ರಿ.ಶ. ಸುಮಾರು 600ರದೆಂದು ವಿದ್ವಾಂಸರು ಊಹಿಸಿರುವ ಸಂಸ್ಕೃತ ಶಾಸನವು, ಅಷ್ಟಾಂಗನಿಮಿತ್ತಗಳನ್ನು ಬಲ್ಲ ಭದ್ರಬಾಹುಸ್ವಾಮಿಗಳು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ವಿಷಮಕಾಲವನ್ನು ಮುಂಗಂಡು ನುಡಿದರೆಂದೂ, ಅದನ್ನು ಕೇಳಿ ಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟಿತೆಂದೂ ತಿಳಿಸುತ್ತದೆ. ಈ ಕ್ಷಾಮವನ್ನು ಕುರಿತು ನಡೆದಿರುವ ಚರ್ಚೆಯೆಲ್ಲ ಬಹುಮಟ್ಟಿಗೆ ಮುನಿಸಂಘದ ವಲಸೆ, ಚಂದ್ರಗುಪ್ತನ ದೀಕ್ಷೆ, ಸಂಘಭೇದ ಇವುಗಳಿಗೆ ಸಂಬಂಧಿಸಿದುದು. ಆದರೆ ಮುನಿಗೆ ಆಹಾರವನ್ನು ಕೊಡುವವನು ಗೃಹಸ್ಥ. ಮಳೆ ಹೋದ ವರ್ಷ, ಧಾನ್ಯದ ಬೆಲೆ ಏರಿದ ವರ್ಷ, ಆ ಗೃಹಸ್ಥನ ಅಡುಗೆಮನೆ ಹೇಗೆ ನಡೆಯುತ್ತಿತ್ತು? ಅವನ ಹಿತ್ತಲು ಅವನಿಗೆ ಎಷ್ಟರಮಟ್ಟಿಗೆ ಆಧಾರವಾಗುತ್ತಿತ್ತು? ಈ ಪ್ರಶ್ನೆಗಳಿಗೆ ಶ್ರಾವಕಾಚಾರ ಗ್ರಂಥಗಳನ್ನೂ ಕನ್ನಡದ ಲೋಕೋಪಯೋಗಿ ಶಾಸ್ತ್ರಗ್ರಂಥಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಉತ್ತರದ ಕೆಲವು ಎಳೆಗಳು ದೊರೆಯುತ್ತವೆ.

ಕ್ಷಾಮವು ಮೊದಲು ಮುಟ್ಟುವುದು ಒಲೆಯನ್ನು ಎಂಬುದಕ್ಕೆ ಹರಿಷೇಣನ ಬೃಹತ್ಕಥಾಕೋಶದಲ್ಲಿ (ಕ್ರಿ.ಶ. 931) ಬರುವ ಭದ್ರಬಾಹು ಕಥಾನಕವೇ ಸಾಕ್ಷಿ. ದಕ್ಷಿಣಕ್ಕೆ ಬಾರದೆ ಸಿಂಧುದೇಶಕ್ಕೆ ಹೋದ ಮುನಿಗಳ ವೃತ್ತಾಂತವನ್ನು ಅಲ್ಲಿ ಹೇಳಿದೆ. ಹಸಿದು ಮುತ್ತುವ ಜನರಿಗೆ ಅಂಜಿ ಆ ನಾಡಿನ ಗೃಹಸ್ಥರು ಹಗಲಿನಲ್ಲಿ ಉಣ್ಣಲಾರದೆ ರಾತ್ರಿಯಲ್ಲಿ ಉಣ್ಣತೊಡಗಿದರು. ಮುನಿಗಳೂ ರಾತ್ರಿಯಲ್ಲಿ ಪಾತ್ರೆ ಹಿಡಿದು ಬಂದು ಆಹಾರವನ್ನು ಒಯ್ದು, ಮರುದಿನ ಹಗಲು ಸ್ವೀಕರಿಸಬೇಕೆಂದು ಬೇಡಿಕೊಂಡರು. ಮುಂದಿನ ಆಚಾರಶೈಥಿಲ್ಯಕ್ಕೆ ಈ ವ್ಯವಸ್ಥೆಯೇ ಮೂಲವಾಯಿತೆಂಬುದು ಕಥಾಕಾರನ ಅಭಿಪ್ರಾಯ. ಈ ಕಥೆಯನ್ನು ಸಂಪ್ರದಾಯಭೇದದ ಇತಿಹಾಸಕ್ಕಾಗಿ ಓದುವುದು ವಾಡಿಕೆ. ಆದರೆ ಬಾಗಿಲನ್ನು ಮುಚ್ಚಿ, ಹೊಗೆ ಕಾಣದಂತೆ ಇರುಳಿನಲ್ಲಿ ಒಲೆ ಹೊತ್ತಿಸುವ ಮನೆಯ ಭಯವೂ ಅದರಲ್ಲಿ ಅಡಗಿದೆ. ರಾತ್ರಿಭೋಜನತ್ಯಾಗವೆಂಬ ವ್ರತವು ಮುರಿದುದು ನಾಲಗೆಯ ಚಾಪಲ್ಯದಿಂದಲ್ಲ, ನೆರೆಯವನ ಹಸಿವಿನ ಎದುರಿಗೆ ಉಣ್ಣಲಾರದ ಸಂಕಟದಿಂದ ಎಂಬುದು ಗಮನಾರ್ಹ.

ಶ್ರಾವಕನಿಗೆ ಆಹಾರದಲ್ಲಿ ಎರಡು ಬಗೆಯ ಮಿತಿಗಳುಂಟು. ಏನನ್ನು ಉಣ್ಣಬಹುದು ಎಂಬುದು ಒಂದು. ಎಷ್ಟನ್ನು ಕೂಡಿಡಬಹುದು ಎಂಬುದು ಇನ್ನೊಂದು. ಮೊದಲನೆಯದರ ತರ್ಕವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬಹಳ ಸಂಕ್ಷೇಪವಾಗಿ ಹೇಳಿದ್ದಾರೆ. ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂವು, ಕೇದಗೆ ಇವುಗಳಲ್ಲಿ ದೊರೆಯುವ ಫಲ ಅಲ್ಪ, ಆಗುವ ಜೀವಘಾತ ಬಹಳ. ಆದುದರಿಂದ ಇವು ತ್ಯಾಜ್ಯ. ಕಂದಮೂಲಗಳನ್ನು ಅನಂತಕಾಯವೆಂದು ಬಿಡುವುದೂ, ಆಲ, ಅರಳಿ, ಅತ್ತಿ ಮೊದಲಾದ ಪಂಚೋದುಂಬರಗಳನ್ನು ವರ್ಜಿಸುವುದೂ ಇದೇ ತರ್ಕಕ್ಕೆ ಸೇರಿದವು. ಕ್ರಿ.ಶ. 959ರಲ್ಲಿ ಯಶಸ್ತಿಲಕವನ್ನು ರಚಿಸಿದ ಸೋಮದೇವಸೂರಿಗಳು ಈ ಐದು ಫಲಗಳ ತ್ಯಾಗವನ್ನು ಶ್ರಾವಕನ ಅಷ್ಟಮೂಲಗುಣಗಳಲ್ಲಿಯೇ ಎಣಿಸಿದ್ದಾರೆ.

ಇಲ್ಲಿ ಒಂದು ಕಠಿನ ಸಂಗತಿಯಿದೆ. ಬರಗಾಲದಲ್ಲಿ ಬಡವನನ್ನು ಬದುಕಿಸುವ ಪದಾರ್ಥಗಳು ಯಾವುವು? ನೆಲದೊಳಗಿನ ಗೆಡ್ಡೆಗೆಣಸು, ಕಾಡಿನ ಜೇನು, ಅತ್ತಿ ಆಲಗಳ ಹಣ್ಣು, ಮೊದಲ ಮಳೆಗೆ ತಾನಾಗಿ ಚಿಗುರುವ ಸೊಪ್ಪು. ಇವುಗಳಲ್ಲಿ ಬಹುಪಾಲು ಶ್ರಾವಕನಿಗೆ ನಿಷಿದ್ಧ. ಎಂದರೆ, ಕ್ಷಾಮ ಬಂದ ಮೇಲೆ ಕಾಡಿಗೆ ಹೋಗಿ ಅಗೆದು ತರುವ ದಾರಿ ಅವನಿಗೆ ಮುಚ್ಚಿದೆ. ವ್ರತವನ್ನು ಉಳಿಸಿಕೊಳ್ಳಬೇಕಾದರೆ ಅವನು ಕ್ಷಾಮಕ್ಕೆ ಮೊದಲೇ ಸಿದ್ಧನಾಗಬೇಕು. ಜೈನ ಗೃಹಸ್ಥರ ಅಡುಗೆಮನೆಯಲ್ಲಿ ಒಣಗಿಸುವುದು, ಒಡೆಯುವುದು, ಕಾಪಿಡುವುದು ಇವುಗಳಿಗೆ ದೊರೆತಿರುವ ಮಹತ್ತ್ವಕ್ಕೆ ಇದೂ ಒಂದು ಕಾರಣವೆಂದು ತಿಳಿಯಬಹುದು.

ಈ ಸಿದ್ಧತೆಯ ಸ್ವರೂಪವು ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಆಶಾಧರರು ಸ್ವತಃ ಅನಿಶ್ಚಿತ ಕಾಲದಲ್ಲಿ ಬಾಳಿದವರು. 12ನೆಯ ಶತಮಾನದ ಕೊನೆಯಲ್ಲಿ ತುರುಷ್ಕರ ಆಕ್ರಮಣವಾದಾಗ ಅವರು ಹುಟ್ಟಿದ ಮಂಡಲಕರವನ್ನು ಬಿಟ್ಟು ಮಾಳವದ ಧಾರಾನಗರಿಗೆ ಬಂದು, ಅನಂತರ ನಲಕಚ್ಛಪುರದಲ್ಲಿ ನೆಲಸಿದರು. ತಮ್ಮ ಗ್ರಂಥಕ್ಕೆ ತಾವೇ ಬರೆದ ಟೀಕೆಯನ್ನು ಅವರು ಅಲ್ಲಿಯೇ ವಿಕ್ರಮ ಸಂವತ್ 1296ರಲ್ಲಿ, ಎಂದರೆ ಕ್ರಿ.ಶ. 1239ರ ಸುಮಾರಿಗೆ, ಮುಗಿಸಿದರು. ಮಳೆಗಾಲದಲ್ಲಿ ಒಡೆಯದ ಕಾಳನ್ನೂ ಎಲೆಯ ಪಲ್ಯವನ್ನೂ ತಿನ್ನಬಾರದೆಂದು ಅವರು ವಿಧಿಸುತ್ತಾರೆ. ಇಡಿಗಾಳಿನ ಒಳಗೂ ಎಲೆಯ ಮೇಲೂ ಆ ಋತುವಿನಲ್ಲಿ ಸೂಕ್ಷ್ಮಜೀವಿಗಳು ಸೇರಿರುವುದೇ ಇದಕ್ಕೆ ಕಾರಣ. ಒಕ್ಕಲುತನದ ಲೆಕ್ಕದಲ್ಲಿ ಮಳೆಗಾಲವೇ ಕಣಜ ಬರಿದಾಗುವ ಕಾಲ. ಹೊಸ ಬೆಳೆ ಇನ್ನೂ ಹೊಲದಲ್ಲಿರುತ್ತದೆ, ಹಳೆಯ ಧಾನ್ಯ ತಳ ಕಂಡಿರುತ್ತದೆ. ಸುಲಭವಾಗಿ ಸಿಗುವ ಸೊಪ್ಪು ಆಗಲೇ ವರ್ಜ್ಯವಾದರೆ, ಬೇಸಗೆಯಲ್ಲಿಯೇ ಕಾಳನ್ನು ಒಡೆದು ಬೇಳೆ ಮಾಡಿ ಇಡಬೇಕು; ಹಿತ್ತಲಿನ ಕಾಯಿಗಳನ್ನು ಹೆಚ್ಚಿ ಬಿಸಿಲಿಗೆ ಹಾಕಬೇಕು; ಹಪ್ಪಳ ಸಂಡಿಗೆಗಳನ್ನು ಒಣಗಿಸಬೇಕು. ಹಸಿಶುಂಠಿಯನ್ನು ಬಿಡುವವನು ಒಣಶುಂಠಿಯನ್ನು ಬಳಸಬಹುದು. ಹೀಗೆ ಆಚಾರದ ವಿಧಿಯು ಮನೆಯ ಪಂಚಾಂಗವಾಗಿ ಪರಿಣಮಿಸುತ್ತದೆ.

ಈ ಪಂಚಾಂಗವನ್ನು ನಡೆಸಲು ಬೇಕಾದ ವಿದ್ಯೆ ಕನ್ನಡದಲ್ಲಿ ಬಹು ಹಿಂದೆಯೇ ಗ್ರಂಥರೂಪಕ್ಕೆ ಬಂದಿತ್ತು. ಕಲ್ಯಾಣದ ಚಾಲುಕ್ಯರ ಜಯಸಿಂಹನ ಕಾಲದಲ್ಲಿ, ಕ್ರಿ.ಶ. ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರವು ಇದಕ್ಕೆ ಪ್ರಧಾನ ನಿದರ್ಶನ. ಗೊಮ್ಮಟಮೂರ್ತಿಯನ್ನು ಮಾಡಿಸಿದ ಗಂಗಮಂತ್ರಿ ಚಾವುಂಡರಾಯನು ಬೇರೆ, ಈತನು ಬೇರೆ. ಹನ್ನೆರಡು ಅಧ್ಯಾಯಗಳ ಈ ಗ್ರಂಥವು 1950ರಲ್ಲಿ ಮದರಾಸಿನಿಂದ ಮುದ್ರಿತವಾಗಿ ಹೊರಬಂದಿತು. ಇದರ ವಿಷಯಾನುಕ್ರಮವೇ ಅರ್ಥಪೂರ್ಣವಾದುದು. ಮಳೆಯ ಲಕ್ಷಣ, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಕ್ರಮ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯ, ಪಶುವೈದ್ಯ ಇವೆಲ್ಲ ಒಂದೇ ಹೊತ್ತಗೆಯಲ್ಲಿ ಸೇರಿವೆ. ಇಂದು ಬೇರೆ ಬೇರೆ ಶಾಸ್ತ್ರಗಳೆನಿಸುವ ಇವು ಅಂದಿನ ಗೃಹಸ್ಥನಿಗೆ ಒಂದೇ ಚಿಂತೆಯ ಅಂಗಗಳು. ಮಳೆ ಬಾರದಿದ್ದರೆ ಬಾವಿ, ಬಾವಿಯಿದ್ದರೆ ಹಿತ್ತಲು, ಹಿತ್ತಲಿದ್ದರೆ ಅಡುಗೆ, ಹಸುವಿದ್ದರೆ ಮಜ್ಜಿಗೆ.

ಲೋಕೋಪಕಾರದ ಸೂಪಾಧಿಕಾರವು ಕೇವಲ ಭೋಗಕ್ಕಾಗಿ ಬರೆದುದಲ್ಲ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯೊಡನೆ ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನು ಕೂಡಿಸಿ ಮಾಡುವ ಭಕ್ಷ್ಯವನ್ನು ಅದು ವಿವರಿಸುತ್ತದೆ. ಇಂದಿನ ಇಡ್ಲಿಯ ಪೂರ್ವರೂಪವನ್ನು ವಿದ್ವಾಂಸರು ಇದರಲ್ಲಿ ಗುರುತಿಸಿದ್ದಾರೆ. ಇದರಲ್ಲಿ ಅಕ್ಕಿಯಿಲ್ಲ, ಉದ್ದು ಮತ್ತು ಹೈನು ಸಾಕು. ಆದರೆ ಆಚಾರನಿಷ್ಠ ಶ್ರಾವಕನ ಮನೆಯಲ್ಲಿ ಈ ಪಾಕವು ಹೀಗೆಯೇ ನಡೆಯಲಾರದು. ಕಾಯಿಸದ ಹಾಲು ಮೊಸರುಗಳೊಡನೆ ಬೇಳೆಯನ್ನು ಬೆರೆಸುವುದು ದ್ವಿದಳದೋಷವೆಂದು ಆಶಾಧರರು ಹೇಳುತ್ತಾರೆ. ಲೋಕೋಪಕಾರವು ಲೋಕದವರಿಗೆಲ್ಲ ಬರೆದ ಕೈಪಿಡಿಯೇ ಹೊರತು ಶ್ರಾವಕಾಚಾರವಲ್ಲ. ಆದುದರಿಂದ ಜೈನ ಗೃಹಿಣಿಯು ಶಾಸ್ತ್ರದಿಂದ ವಿಧಾನವನ್ನು ತೆಗೆದುಕೊಂಡು ಆಚಾರದಿಂದ ಅದನ್ನು ತಿದ್ದಿಕೊಳ್ಳಬೇಕಾಗಿತ್ತು.

ಹಿತ್ತಲಿನ ವಿಷಯದಲ್ಲಿಯೂ ಈ ತಿದ್ದುಪಡಿ ಅನಿವಾರ್ಯ. ಸುರಪಾಲನ ವೃಕ್ಷಾಯುರ್ವೇದದಲ್ಲಿ ಪ್ರಶಸ್ತವೆನಿಸಿರುವ ಕುಣಪಜಲವು ಪ್ರಾಣಿಗಳ ಮಾಂಸ, ಮಜ್ಜೆಗಳನ್ನು ಬೇಯಿಸಿ ಕೊಳೆಸಿದ ಗೊಬ್ಬರ. ಅದು ಅಹಿಂಸಾವ್ರತಿಯ ತೋಟಕ್ಕೆ ಸಲ್ಲದು. ಅದೇ ಪರಂಪರೆಯಲ್ಲಿ ಹೇಳಿರುವ ಸಗಣಿ, ಎಳ್ಳು, ಹಾಲು ಇವುಗಳ ಪ್ರಯೋಗಗಳು ಅವನಿಗೆ ಉಳಿಯುತ್ತವೆ. ಬಾಳೆ, ಹಲಸು, ನೆಲ್ಲಿ, ಅವರೆ, ಹೀರೆ, ಪಡವಲ ಇವು ಕಿತ್ತರೂ ಗಿಡ ಉಳಿಯುವ ಅಥವಾ ಮತ್ತೆ ಚಿಗುರುವ ಸಸ್ಯಗಳು. ಗೆಡ್ಡೆಯನ್ನು ಅಗೆದರೆ ಬಳ್ಳಿಯೇ ಹೋಗುತ್ತದೆ. ಅಲ್ಪಫಲ, ಬಹುಘಾತವೆಂಬ ಸಮಂತಭದ್ರರ ಅಳತೆಗೋಲು ಹೀಗೆ ತೋಟದ ಆಯ್ಕೆಗೂ ಹೊಂದುತ್ತದೆ.

ಈ ಆಯ್ಕೆಯ ಛಾಯೆ ಮೂರನೆಯ ಮಂಗರಸನ ಸೂಪಶಾಸ್ತ್ರದಲ್ಲಿ ಕಾಣುತ್ತದೆ. ಕಲ್ಲಹಳ್ಳಿಯ ಪ್ರಭುವಾದ ಈ ಜೈನಕವಿ 16ನೆಯ ಶತಮಾನದ ಆದಿಭಾಗದವನು. ಸಮ್ಯಕ್ತ್ವಕೌಮುದಿ, ನೇಮಿಜಿನೇಶ ಸಂಗತಿ, ಜಯನೃಪಕಾವ್ಯ ಮೊದಲಾದ ಕೃತಿಗಳ ಕರ್ತೃ. ವಾರ್ಧಕಷಟ್ಪದಿಯಲ್ಲಿರುವ ಸೂಪಶಾಸ್ತ್ರವು ಹಿಟ್ಟಿನ ಭಕ್ಷ್ಯ, ಪಾನಕ, ಅನ್ನಗಳನ್ನು ಹೇಳಿದ ಮೇಲೆ ಬದನೆ, ಬಾಳೆ, ಹಲಸು, ಕಳಲೆ, ನೆಲ್ಲಿ ಇವುಗಳ ಪಾಕಕ್ಕೆ ತಿರುಗುತ್ತದೆ. ಅರಮನೆಯ ರುಚಿ ಇದರಲ್ಲಿ ಇಲ್ಲದಿಲ್ಲ. ಆದರೂ ಇಲ್ಲಿಯ ತರಕಾರಿಗಳು ಪೇಟೆಯಿಂದ ಕೊಂಡು ತರುವ ದುಬಾರಿ ವಸ್ತುಗಳಲ್ಲ. ಹಿತ್ತಲಿನಲ್ಲಿಯೋ ಬಿದಿರುಮೆಳೆಯಲ್ಲಿಯೋ ದೊರೆಯುವಂಥವು. ಒಂದೇ ಕಾಯಿಯನ್ನು ಹಲವು ಬಗೆಯಲ್ಲಿ ಅಡುವ ಕ್ರಮ ತಿಳಿದ ಮನೆಯಲ್ಲಿ ಆ ಕಾಯಿಯೊಂದೇ ದೊರೆಯುವ ದಿನಗಳನ್ನು ಬೇಸರವಿಲ್ಲದೆ ಕಳೆಯಬಹುದು. ಬದನೆಯನ್ನು ಬಹುಬೀಜವೆಂದು ಬಿಡುವ ಸಂಪ್ರದಾಯವೂ ಜೈನರಲ್ಲಿ ಉಂಟಾದರೂ ಮಂಗರಸನು ಅದಕ್ಕೆ ವಿಶೇಷ ಸ್ಥಾನ ಕೊಟ್ಟಿರುವುದನ್ನು ನೋಡಿದರೆ, ಆಚರಣೆಯು ಎಲ್ಲೆಡೆಯೂ ಏಕರೂಪವಾಗಿರಲಿಲ್ಲವೆಂಬುದು ವಿದಿತವಾಗುತ್ತದೆ.

ಇನ್ನು ಎರಡನೆಯ ಮಿತಿ, ಸಂಗ್ರಹದ ಮಿತಿ. ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ಎಲ್ಲ ಸಂಗ್ರಹಗಳಲ್ಲಿ ಧಾನ್ಯಸಂಗ್ರಹವೇ ದೊಡ್ಡದೆಂದು ಹೇಳುತ್ತಾರೆ. ಬಾಯಿಗೆ ಹಾಕಿಕೊಂಡ ಹೊನ್ನು ಪ್ರಾಣವನ್ನು ಉಳಿಸುವುದಿಲ್ಲ. ಧಾನ್ಯಗಳಲ್ಲಿ ದೀರ್ಘಕಾಲ ಕೆಡದೆ ಉಳಿಯುವುದು ಕೋದ್ರವ, ಎಂದರೆ ಹಾರಕ, ಎಂದೂ, ಹಳೆಯದನ್ನು ವೆಚ್ಚಮಾಡಿ ಹೊಸದನ್ನು ತುಂಬುತ್ತಿರಬೇಕೆಂದೂ ಅವರು ಸೂಚಿಸುತ್ತಾರೆ. ಇದು ಅರಸನಿಗೆ ಹೇಳಿದ ನೀತಿ. ಮೈಸೂರು ಸೀಮೆಯ ಒಕ್ಕಲು ರಾಗಿಯನ್ನು ಹಗೇವಿನಲ್ಲಿ ಹೂಳಿ ವರ್ಷಗಟ್ಟಲೆ ಕಾಪಾಡುತ್ತಿದ್ದುದು ಇದೇ ವಿವೇಕದ ಮನೆಯ ರೂಪ. ಆದರೆ ಸಂಗ್ರಹವು ಎಲ್ಲಿಯವರೆಗೆ ವಿವೇಕ, ಎಲ್ಲಿಂದ ಮುಂದೆ ಪಾಪ? ರತ್ನಕರಂಡಕವು ಪರಿಗ್ರಹಪರಿಮಾಣವ್ರತದ ಅತಿಚಾರಗಳಲ್ಲಿ ಅತಿಸಂಗ್ರಹವನ್ನು ಎಣಿಸುತ್ತದೆ. ಟೀಕಾಕಾರ ಪ್ರಭಾಚಂದ್ರರ ವಿವರಣೆಯಂತೆ, ಈ ಧಾನ್ಯವು ಮುಂದೆ ಹೆಚ್ಚು ಲಾಭ ತಂದೀತೆಂಬ ಲೋಭದಿಂದ ಮಿತಿಮೀರಿ ಕೂಡಿಡುವುದೇ ಅತಿಸಂಗ್ರಹ. ಮನೆಯವರ ಹೊಟ್ಟೆಗಾಗಿ ಇಟ್ಟ ಕಣಜಕ್ಕೂ ಬೆಲೆಯೇರಿಕೆಯನ್ನು ಕಾಯುವ ಕಣಜಕ್ಕೂ ಇರುವ ಅಂತರವನ್ನು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ. ವ್ಯಾಪಾರವೇ ವೃತ್ತಿಯಾಗಿದ್ದ ಸಮಾಜಕ್ಕೆ ಇದನ್ನು ಹೇಳಿದುದರಿಂದ ಈ ಮಾತಿಗೆ ಹೆಚ್ಚಿನ ತೂಕ ಬರುತ್ತದೆ.

ಮನೆಯ ಸಿದ್ಧತೆಗೂ ಒಂದು ಎಲ್ಲೆಯಿದೆ ಎಂಬುದನ್ನು ಸಮೀಪದ ಇತಿಹಾಸವು ತೋರಿಸಿಕೊಟ್ಟಿದೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಪೀಡಿಸಿದ, ಧಾತು ಈಶ್ವರ ಸಂವತ್ಸರಗಳ ಬರವೆಂದು ಜನರ ನೆನಪಿನಲ್ಲಿ ಉಳಿದ ಮಹಾಕ್ಷಾಮದ ಪರಿಣಾಮವು ಜನಗಣತಿಯಲ್ಲಿಯೇ ದಾಖಲಾಗಿದೆ. 1871ರಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಿತ್ತಲಿಗೆ ನೆಲವಿಲ್ಲದವನಿಗೆ ವೃಕ್ಷಾಯುರ್ವೇದದಿಂದ ಪ್ರಯೋಜನವಿಲ್ಲ. ಕೂಲಿಯ ಕಾಳನ್ನೇ ನಂಬಿದವನಿಗೆ ಸಂಡಿಗೆಯನ್ನು ಒಣಗಿಸುವ ಅವಕಾಶವಿಲ್ಲ. ಅಂಥವನಿಗೆ ಉಳಿಯುವುದು ಉಳ್ಳವನ ಬಾಗಿಲು ಮಾತ್ರ. ಈ ಕಾರಣದಿಂದಲೇ ಶ್ರಾವಕಾಚಾರಗಳಲ್ಲಿ ಅಭಕ್ಷ್ಯತ್ಯಾಗ, ಪರಿಗ್ರಹಪರಿಮಾಣ, ಆಹಾರದಾನ ಇವು ಮೂರೂ ಒಂದೇ ವ್ರತವ್ಯವಸ್ಥೆಯ ಅಂಗಗಳಾಗಿವೆ. ಹೊಟ್ಟೆ ತುಂಬುವ ಮೊದಲೇ ಊಟವನ್ನು ನಿಲ್ಲಿಸುವ ಅವಮೌದರ್ಯವನ್ನು ತತ್ತ್ವಾರ್ಥಸೂತ್ರವು ಬಾಹ್ಯತಪಸ್ಸುಗಳಲ್ಲಿ ಎಣಿಸಿದೆ. ಸ್ವೇಚ್ಛೆಯಿಂದ ಕಡಿಮೆ ಉಣ್ಣುವುದು ತಪಸ್ಸು. ಇಲ್ಲದೆ ಉಪವಾಸವಿರುವುದು ತಪಸ್ಸಲ್ಲ. ಮೊದಲನೆಯವನು ಬಿಟ್ಟ ತುತ್ತು ಎರಡನೆಯವನಿಗೆ ತಲಪಿದರೆ ಮಾತ್ರ ಬಾಗಿಲು ಮುಚ್ಚಿ ಇರುಳಿನಲ್ಲಿ ಉಣ್ಣುವ ಸಿಂಧುದೇಶದ ಸ್ಥಿತಿ ತಪ್ಪೀತು.

ಗ್ರಂಥಸೂಚಿಗಳಲ್ಲಿ ಪಾಕಶಾಸ್ತ್ರ, ವೃಕ್ಷಾಯುರ್ವೇದ, ಆಚಾರ, ಕಥೆ, ನೀತಿ ಇವು ಬೇರೆ ಬೇರೆ ಶೀರ್ಷಿಕೆಗಳ ಕೆಳಗೆ ಬರುವುದು ಸಹಜ. ವರ್ಗೀಕರಣದ ಅನುಕೂಲಕ್ಕೆ ಇದು ಅಗತ್ಯವೂ ಹೌದು. ಆದರೆ ಈ ವಿಂಗಡಣೆಯಿಂದ ಸೂಪಶಾಸ್ತ್ರದ ಓಲೆಗಳು ಭೋಗಸಾಹಿತ್ಯವೆಂದೂ ಶ್ರಾವಕಾಚಾರದ ಓಲೆಗಳು ಬರಿಯ ನಿಷೇಧಗಳ ಪಟ್ಟಿಯೆಂದೂ ತೋರುವ ಸಂಭವವಿದೆ. ಒಂದೇ ಮನೆಯ ಒಲೆಯ ಮುಂದೆ ಇವೆರಡೂ ಕೂಡಿ ನಡೆದವು. ಮೂಡಬಿದಿರೆ, ಶ್ರವಣಬೆಳಗೊಳ, ಹುಂಚ ಮೊದಲಾದ ಕ್ಷೇತ್ರಗಳ ಓಲೆಯ ಪ್ರತಿಗಳನ್ನು ಪರಿಶೀಲಿಸುವವರು, ಪಾಕಶಾಸ್ತ್ರದ ಒಂದೊಂದು ಪದಾರ್ಥವನ್ನೂ ಆಚಾರಗ್ರಂಥಗಳ ಭಕ್ಷ್ಯಾಭಕ್ಷ್ಯವಿಚಾರದೊಡನೆ ಹೋಲಿಸಿ, ಪ್ರದೇಶ ಮತ್ತು ಕಾಲಗಳ ವ್ಯತ್ಯಾಸವನ್ನು ಗುರುತಿಸಿದರೆ, ಬರದ ವರ್ಷಗಳಲ್ಲಿ ಸಾಮಾನ್ಯ ಶ್ರಾವಕಕುಟುಂಬಗಳು ವ್ರತವನ್ನೂ ಪ್ರಾಣವನ್ನೂ ಉಳಿಸಿಕೊಂಡ ಬಗೆಯು ಇನ್ನಷ್ಟು ಸ್ಪಷ್ಟವಾಗುವುದರಲ್ಲಿ ಸಂದೇಹವಿಲ್ಲ.